ಅಟ್ಟದಿಂದ ಇಳಿದ ಜಾವಾ ಕತ್ತಿ: ಗುರುತಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಬೆಳಗಾವಿ ಸುತ್ತಿನ ಹಳ್ಳಿಗಳಲ್ಲಿ ದಸರೆಗೆ ಮೊದಲು ಅಟ್ಟ ಝಾಡಿಸುವಾಗ ಆಗಾಗ ಒಂದು ಪರಿಚಯವಿಲ್ಲದ ಕತ್ತಿ ಕೆಳಗಿಳಿಯುತ್ತದೆ. ನಮ್ಮ ಕಡೆಯ ಕತ್ತಿಗೆ ಹಿಡಿಯ ತುದಿಯಲ್ಲಿ ದುಂಡನೆಯ ತಟ್ಟೆ ಇರುತ್ತದೆ. ಇದಕ್ಕೆ ಅದಿಲ್ಲ. ಹಿಡಿ ಕೊಂಬಿನದು, ಒಂದು ಕಡೆ ಬಾಗಿದೆ. ಒರೆ ಪೂರಾ ಕಟ್ಟಿಗೆಯದು, ಬೆತ್ತ ಸುತ್ತಿದ್ದು. ಮನೆಯವರು "ಶಿವಾಜಿ ಮಹಾರಾಜರ ಕಾಲದ್ದು" ಅಂತ ಹೇಳುತ್ತಾರೆ, ಇಲ್ಲವೇ "ಕಿತ್ತೂರಿನದು" ಅನ್ನುತ್ತಾರೆ. ಆದರೆ ಆ ಮನೆಯಲ್ಲಿ 1945ರ ಹೊತ್ತಿಗೆ ಯಾರಾದರೂ ಫೌಜಿನಲ್ಲಿದ್ದರೆ, ಮೊದಲು ಇಂಡೋನೇಷ್ಯಾದ ಜಾವಾ ಮತ್ತು ಸುಮಾತ್ರಾ ದ್ವೀಪಗಳನ್ನು ನೆನಪಿಸಿಕೊಳ್ಳಿ.

ಕಾರಣ ನಮ್ಮ ಊರಲ್ಲೇ ಇದೆ. ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಜಪಾನ್ ಶರಣಾದ ಮೇಲೆ ಇಂಡೋನೇಷ್ಯಾಕ್ಕೆ ಹೋದ ಬ್ರಿಟಿಷರ ಸೇನೆಯಲ್ಲಿ ದೊಡ್ಡ ಪಾಲು ಹಿಂದುಸ್ತಾನದ ಸಿಪಾಯಿಗಳದು. 1945ರ ಅಕ್ಟೋಬರ್ 25ರಂದು ಜಾವಾದ ಸುರಬಾಯಾ ಬಂದರಿನಲ್ಲಿ ಇಳಿದ 49ನೇ ಬ್ರಿಗೇಡ್‌ನಲ್ಲಿ ಮರಾಠಾ ರೆಜಿಮೆಂಟಿನ 4 ಮತ್ತು 6ನೇ ಬೆಟಾಲಿಯನ್‌ಗಳಿದ್ದವು. ಐದು ದಿನದೊಳಗೆ ಅವರ ಬ್ರಿಗೇಡಿಯರ್ ಮ್ಯಾಲಬಿ ಅಲ್ಲೇ ಸತ್ತರು. ನವೆಂಬರ್ 10ಕ್ಕೆ ದೊಡ್ಡ ಕಾಳಗ ಶುರುವಾಯಿತು. ಆ ದಿನವನ್ನು ಇಂಡೋನೇಷ್ಯಾದವರು ಇವತ್ತಿಗೂ ವೀರರ ದಿನವೆಂದು ಆಚರಿಸುತ್ತಾರೆ. ಸುಮಾತ್ರಾದ ಮೇದಾನ್, ಪಾದಾಂಗ್ ಊರುಗಳಿಗೆ 26ನೇ ಇಂಡಿಯನ್ ಡಿವಿಷನ್ ಹೋಗಿತ್ತು. 1946ರ ಕೊನೆಗೆ ಎಲ್ಲರೂ ವಾಪಸು ಬಂದರು. ಕೆಲವರ ಟ್ರಂಕಿನಲ್ಲಿ ಒಂದು ಕತ್ತಿಯೂ ಬಂತು.

ನಾನು ಉದ್ಯಮಬಾಗದ ಒಂದು ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು. ಉಕ್ಕು ಕಾಯಿಸುವುದು, ಹದ ಕೊಡುವುದು, ತಿಕ್ಕುವುದು ನನ್ನ ಹೊಟ್ಟೆಪಾಡಾಗಿತ್ತು. ಈಗ ಹಳೆಯ ಫೌಜಿ ಮನೆಗಳವರು ಕತ್ತಿ, ಬರ್ಚಿ, ಬಯೋನೆಟ್ ತರುತ್ತಾರೆ. ಹೆಚ್ಚಿನವರದು ಒಂದೇ ಮಾತು: "ಕಾಕಾ, ಸ್ವಲ್ಪ ಬಫ್ ಹೊಡ್ದು ಕೊಡ್ರಿ. ಖಂಡೇನವಮಿಗೆ ಫಳಫಳ ಅನಬೇಕು." ನಾನು ಹೇಳುವುದೂ ಒಂದೇ: "ಬಫ್ ಹೊಡದ್ರ ಅಜ್ಜ ತಂದಿದ್ದು ಹೋಗಿ ಬರೀ ಕಬ್ಬಿಣದ ಪಟ್ಟಿ ಉಳಿತೈತಿ, ತಮ್ಮಾ." ಇಂಡೋನೇಷ್ಯಾದ ಕತ್ತಿಯ ಜೀವ ಇರುವುದು ಅದರ ಮೈಮೇಲೆ, ಕೂದಲೆಳೆಗಿಂತ ತೆಳುವಾದ ಪದರದಲ್ಲಿ. ಅದು ಒಂದು ಸಲ ಹೋದರೆ ಯಾವ ಕಂಬಾರನೂ ತಿರುಗಿ ತರಲಾರ. ಹಾಗಾಗಿ ಮೊದಲು ಕತ್ತಿ ಯಾವುದೆಂದು ಗೊತ್ತಾಗಲಿ. ಕೈ ಹಚ್ಚುವುದು ಆಮೇಲೆ.

ಮೊದಲು ನೋಡುವುದು

ಕತ್ತಿ ಕೈಗೆ ಬಂದ ಕೂಡಲೇ ಒರೆಸಬೇಡಿ. ಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಹತ್ತಿರ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಇಟ್ಟು ಫೋಟೋ ತೆಗೆಯಿರಿ. ಎರಡೂ ಮಗ್ಗಲು, ಬೆನ್ನು, ಮೊನೆ, ಹಿಡಿಯ ತುದಿ, ಒರೆಯ ಬಾಯಿ, ಎಲ್ಲದರದೂ ಬೇಕು. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಕೈಗೆ ರಬ್ಬರಿನ ಗ್ಲೌಸ್ ಹಾಕಿಕೊಳ್ಳಿ. ಬೆವರಿನ ಉಪ್ಪು ತಾಗಿದ ಜಾಗದಲ್ಲಿ ಬೆರಳಚ್ಚಿನ ಆಕಾರದಲ್ಲೇ ಜಂಗು ಏಳುತ್ತದೆ. ಗ್ಲೌಸಿಗೆ ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

ಆಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಅಲಗಿನ ಬೆನ್ನಿನ ದಪ್ಪವನ್ನು ಹಿಡಿಯ ಹತ್ತಿರ, ನಡುವೆ, ಮೊನೆಯಿಂದ ನಾಲ್ಕು ಬೆರಳು ಹಿಂದೆ ಅಳೆಯಿರಿ. ಕೈಯಿಂದ ಬಡಿದ ಹಳೆಯ ಅಲಗು ಹಿಡಿಯ ಹತ್ತಿರ ದಪ್ಪ ಇದ್ದು ಮೊನೆಯ ಕಡೆಗೆ ತೆಳುವಾಗುತ್ತ ಹೋಗುತ್ತದೆ. ಲಾರಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕತ್ತರಿಸಿ ಮಾಡಿದ್ದಾದರೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ ಬರುತ್ತದೆ. ಪ್ರವಾಸಿಗರಿಗೆ ಮಾರುವ ಹೊಸ ಕತ್ತಿಗಳಲ್ಲಿ ಪಾಟಾದಿಂದ ಮಾಡಿದವು ಬಹಳ. ಈ ಒಂದು ಅಳತೆಯೇ ಅರ್ಧ ಅನುಮಾನ ಬಗೆಹರಿಸುತ್ತದೆ.

ಸವೆತ ಎಲ್ಲಿದೆ ಅಂತಲೂ ನೋಡಿ. ನಿಜವಾಗಿ ಬಳಸಿದ ಹಿಡಿ ಅಂಗೈ ಕೂರುವ ಕಡೆ ನುಣುಪಾಗಿರುತ್ತದೆ, ಕೆತ್ತನೆಯ ಸಂದಿಯಲ್ಲಿ ಕೊಳೆ ಕಪ್ಪಾಗಿ ಕೂತಿರುತ್ತದೆ. ಒರೆಯ ಬಾಯಿ ಅಲಗು ತಾಗಿ ತಾಗಿ ಒಂದು ಕಡೆ ಮಾತ್ರ ಸವೆದಿರುತ್ತದೆ. ಎಲ್ಲ ಕಡೆ ಸಮನಾಗಿ ಕಪ್ಪು, ಸಮನಾಗಿ ಜಂಗು ಕಂಡರೆ ಯಾರೋ ಆ್ಯಸಿಡ್ ಹಾಕಿ ಹಳೆಯದು ಮಾಡಿದ್ದಾರೆ ಅಂತ ಅನುಮಾನ ಪಡಿ.

ಯಾವ ಊರಿನದು?

ಇಂಡೋನೇಷ್ಯಾ ಒಂದು ದೇಶ ನಿಜ, ಆದರೆ ಅಲ್ಲಿ ಸಾವಿರಾರು ದ್ವೀಪ. ದ್ವೀಪಕ್ಕೊಂದು ಕತ್ತಿ ಅಂದರೂ ನಡೆಯುತ್ತದೆ. ನಮ್ಮ ಕಡೆ ಸಿಗುವಂಥವನ್ನು ಮಾತ್ರ ಹೇಳುತ್ತೇನೆ.

ಅತಿ ಸುಲಭವಾಗಿ ಗುರುತಾಗುವುದು ಡಚ್ಚರ ಕ್ಲೆವಾಂಗ್. ಆಗ ಅಲ್ಲಿ ಆಳುತ್ತಿದ್ದ ಡಚ್ಚರ ಸೇನೆಗೆಂದು 1898ರ ಮಾದರಿಯಲ್ಲಿ ಫ್ಯಾಕ್ಟರಿಯಲ್ಲಿ ಮಾಡಿದ್ದು. ಅಲಗು ಸುಮಾರು 60 ಸೆಂಟಿಮೀಟರ್, ಸ್ವಲ್ಪ ಬಾಗು, ಒಂದೇ ಕಡೆ ಹರಿತ. ಕೈ ಕಾಯಲು ಬಟ್ಟಲಿನಾಕಾರದ ಉಕ್ಕಿನ ತಗಡು. ಹಿಡಿ ಎರಡು ಕಟ್ಟಿಗೆ ಹೋಳು, ರಿವೆಟ್ ಹೊಡೆದದ್ದು. ಅಲಗಿನ ಬುಡದಲ್ಲಿ 'ಹೆಂಬ್ರುಗ್' ಎಂಬ ಅಕ್ಷರ ಕಂಡರೆ ಅದು ನೆದರ್ಲೆಂಡ್ಸಿನ ಸರಕಾರಿ ಕಾರ್ಖಾನೆಯ ಗುರುತು. ಈ ಕತ್ತಿಯ ಹಿಂದೆ 'ಆಚೆ' (Aceh) ಎಂಬ ರಾಜ್ಯದಲ್ಲಿ ನಡೆದ ಯುದ್ಧವಿದೆ. ಸುಮಾತ್ರಾದ ಉತ್ತರ ತುದಿಯ ಆಚೆ ರಾಜ್ಯದ ಮೇಲೆ ಡಚ್ಚರು 1873ರಲ್ಲಿ ದಂಡೆತ್ತಿ ಹೋದರು. ಕಾಡಿನ ಕಾದಾಟದಲ್ಲಿ ಬಂದೂಕಿಗಿಂತ ಗಿಡ್ಡ ಕತ್ತಿಯೇ ಕೆಲಸಕ್ಕೆ ಬಂತು. ಅಮೆರಿಕದ ನೌಕಾಪಡೆ 1917ರಲ್ಲಿ ಇದನ್ನೇ ನೋಡಿ ತನ್ನ ಕಟ್ಲಾಸ್, ಅಂದರೆ ನಾವಿಕರ ಗಿಡ್ಡ ಕತ್ತಿ, ಮಾಡಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ವಶಪಡಿಸಿಕೊಂಡ ಕ್ಲೆವಾಂಗ್‌ಗಳ ಬಟ್ಟಲನ್ನು ಕತ್ತರಿಸಿ ಚಿಕ್ಕದು ಮಾಡಿ ಬಳಸಿದರು. ಹಾಗೆ ಕತ್ತರಿಸಿದ್ದು ಸಿಕ್ಕರೆ ಅದನ್ನು ಮುರಿದದ್ದೆಂದು ತಿಳಿದು ವೆಲ್ಡಿಂಗ್ ಮಾಡಿಸಬೇಡಿ. ಆ ಕತ್ತರಿಸಿದ ಅಂಚೇ ಅದರ ಕಥೆ.

ಆಚೆ ರಾಜ್ಯದವರ ಸ್ವಂತ ಕತ್ತಿ ಸಿಕಿನ್ ಪಂಜಾಂಗ್. ಅಲಗು ಉದ್ದ, ನೇರ, ಒಂದೇ ಕಡೆ ಹರಿತ. ಹಿಡಿಯ ತುದಿ ಎರಡಾಗಿ ಸೀಳಿರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅಲ್ಲಿಯದೇ ಇನ್ನೊಂದು ಕತ್ತಿ, ಪೆದೆಂಗ್, ನಮ್ಮವರಿಗೆ ಪೂರಾ ಗೊಂದಲ ಮಾಡುತ್ತದೆ. ಅದರ ಹಿಡಿ ಹಿಂದುಸ್ತಾನದ ತಲವಾರಿನ ಹಿಡಿಯನ್ನು ನೋಡಿಯೇ ಬಂದದ್ದು, ತುದಿಗೆ ಬಟ್ಟಲೂ ಇರುತ್ತದೆ. ಆಚೆಗೂ ನಮ್ಮ ಪೂರ್ವ ಕರಾವಳಿಯ ಮಚಲಿಪಟ್ಟಣದಂಥ ಬಂದರುಗಳಿಗೂ ಹಳೆಯ ಕಾಲದಿಂದ ಹಡಗಿನ ವ್ಯಾಪಾರವಿತ್ತು, ಅಲ್ವಾ. ಹಾಗಾಗಿ ಹಿಡಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಕಿತ್ತೂರು ಕೋಟೆಯ ಮ್ಯೂಸಿಯಂನಲ್ಲಿ ಹಳೆಯ ಕತ್ತಿಗಳಿವೆ. ಒಂದು ದಿನ ಹೋಗಿ ನಮ್ಮ ಕಡೆಯ ಹಿಡಿಗಳನ್ನು ಕಣ್ತುಂಬ ನೋಡಿಕೊಂಡು ಬನ್ನಿ. ಹೋಲಿಸಲು ಒಂದು ಅಳತೆಗೋಲು ಸಿಗುತ್ತದೆ.

ಬೋರ್ನಿಯೋದ ದಯಾಕ್ ಜನರ ಮಂದಾವ್ ಇದ್ದರೆ ಅಲಗಿನ ಮೇಲೆ ಅಡ್ಡಡ್ಡ ಬೆರಳಾಡಿಸಿ. ಒಂದು ಮಗ್ಗಲು ಉಬ್ಬು, ಇನ್ನೊಂದು ತಗ್ಗು. ಬೇರೆ ಯಾವ ಕತ್ತಿಯಲ್ಲೂ ಇದು ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಹಿಡಿ ಜಿಂಕೆಯ ಕೊಂಬಿನದು, ತುಂಬ ಕೆತ್ತನೆ. ಒರೆಯ ಹಿಂದೆ ಒಂದು ಸಣ್ಣ ಚಾಕುವಿಗೂ ಜಾಗ ಇರುತ್ತದೆ.

ಜಾವಾದ ಗೋಲೊಕ್ ಅಂದರೆ ಕೆಲಸದ ಕತ್ತಿ, ನಮ್ಮ ಮಚ್ಚಿನ ಜಾತಿ. ಬಾಂತೆನ್ ಸೀಮೆಯ ಚಿಯೋಮಾಸ್‌ನ ಗೋಲೊಕ್‌ಗೆ ಹೆಸರಿದೆ. ಇನ್ನು ಎಲ್ಲರಿಗೂ ಗೊತ್ತಿರುವ ಕೆರಿಸ್ ನಿಜಕ್ಕೆ ಕತ್ತಿಯಲ್ಲ, ಚೂರಿ. ಅಲಗಿನ ಬುಡ ಒಂದು ಕಡೆ ಅಗಲವಾಗಿ ಚಾಚಿರುತ್ತದೆ. ಅಲಗು ಅಲೆಅಲೆಯಾಗಿ ಬಾಗಿದ್ದರೆ ಆ ಅಲೆ ಎಣಿಸಿ, ಯಾವಾಗಲೂ ಬೆಸ ಸಂಖ್ಯೆ ಬರಬೇಕು. 2005ರಲ್ಲಿ ಯುನೆಸ್ಕೋ ಕೆರಿಸ್ ಕಲೆಯನ್ನು ಮನುಕುಲದ ಪರಂಪರೆ ಎಂದು ಸಾರಿತು.

ಇದೆಲ್ಲ ಅಲ್ಲದೆ ಕಂದು ಪಟ್ಟಿ ಹೆಣೆದ ಹಿಡಿ, ದುಂಡು ಹಿತ್ತಾಳೆ ತಟ್ಟೆಯ ಕೈಗಾಪು, ಹಿಡಿಯಲ್ಲಿ ಸಣ್ಣ ಬಿದಿರು ಮೊಳೆ ಕಂಡರೆ ಅದು ಜಪಾನಿನ ಅಧಿಕಾರಿಯ ಕತ್ತಿ. 1942ರಿಂದ 45ರವರೆಗೆ ಜಾವಾ ಅವರ ಕೈಯಲ್ಲಿತ್ತು, ಶರಣಾದಾಗ ಕತ್ತಿಗಳನ್ನು ಒಪ್ಪಿಸಿದರು. ಅದಕ್ಕೆ ಬೇರೆಯೇ ಶಾಸ್ತ್ರವಿದೆ. ಒಂದು ಮಾತು ಮಾತ್ರ: ಹಿಡಿಯೊಳಗೆ ಹೋಗುವ ಅಲಗಿನ ಬಾಲದ (ಟ್ಯಾಂಗ್) ಮೇಲಿನ ಜಂಗನ್ನು ಮುಟ್ಟಲೇಬೇಡಿ. ಅದರ ಬಣ್ಣ ನೋಡಿಯೇ ತಿಳಿದವರು ವಯಸ್ಸು ಹೇಳುತ್ತಾರೆ.

ಪಾಮೋರ್: ಬೆನ್ನು ನೋಡದೆ ನಂಬಬೇಡಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಜಾವಾದ ಕೆರಿಸ್‌ನಲ್ಲಿ, ಒಳ್ಳೆಯ ಪೆದಾಂಗ್ ಎಂಬ ಉದ್ದ ಕತ್ತಿಯಲ್ಲಿ (ಆಚೆಯ ಪೆದೆಂಗ್ ಬೇರೆ) ಕಬ್ಬಿಣದ ಪದರ ಮತ್ತು ನಿಕಲ್ ಇರುವ ಕಬ್ಬಿಣದ ಪದರ ಒಂದರ ಮೇಲೊಂದು ಕೂಡಿಸಿ, ಮಡಿಸಿ, ಬಡಿದಿರುತ್ತಾರೆ. ನಡುವೆ ಉಕ್ಕಿನ ಪಟ್ಟಿ. ಹುಳಿ ತಾಗಿದಾಗ ಬರೀ ಕಬ್ಬಿಣ ಕಪ್ಪಾಗುತ್ತದೆ, ನಿಕಲ್ ಇದ್ದದ್ದು ಬೆಳ್ಳಗೆ ಉಳಿಯುತ್ತದೆ. ಹಾಗೆ ಮೂಡುವ ಚಿತ್ತಾರಕ್ಕೆ ಪಾಮೋರ್ ಅನ್ನುತ್ತಾರೆ. ಬೆರಾಸ್ ವುತಾಹ್ ಎಂಬ ಬಗೆಯಲ್ಲಿ ಕಪ್ಪು ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕಿಗಳು ಹರಡಿರುತ್ತವೆ.

ಆ ನಿಕಲ್ ಕಬ್ಬಿಣ ಸುಲಾವೇಸಿಯ ಲುವು ಸೀಮೆಯಿಂದ ಜಾವಾಕ್ಕೆ ಬರುತ್ತಿತ್ತು. ಹದಿನೆಂಟನೇ ಶತಮಾನದ ಕೊನೆಗೆ ಪ್ರಂಬನಾನ್ ಗುಡಿಗಳ ಹತ್ತಿರ ಸಿಕ್ಕ ಉಲ್ಕೆಯ ಕಲ್ಲನ್ನು ಸುರಕರ್ತಾದ ಅರಮನೆಗೆ ಒಯ್ದರು. ರಾಜಮನೆತನದ ಕೆಲವು ಕೆರಿಸ್‌ಗಳಿಗೆ ಅದರ ಕಬ್ಬಿಣ ಹಾಕಿದರು. ಹಾಗಂತ ಎಲ್ಲ ಪಾಮೋರ್ ಆಕಾಶದಿಂದ ಬಿದ್ದದ್ದಲ್ಲ. "ಉಲ್ಕೆಯ ಕತ್ತಿ" ಅಂತ ಯಾರಾದರೂ ಜಾಸ್ತಿ ರೇಟು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಡೋಲಿ ಕಡೆಯ ಒಂದು ಮನೆಯಿಂದ ಬಂದ ಕತ್ತಿಯ ಬಗ್ಗೆ ಹೇಳಬೇಕು. ಪೂರಾ ಅಲಗಿಗೆ ಸಿಲ್ವರ್ ಪೇಂಟ್ ಬಳಿದಿದ್ದರು. ಗೇಟು, ಗ್ರಿಲ್ಲಿಗೆ ಬಳಿಯುವ ಅದೇ ಪೇಂಟ್. ಪ್ರತಿ ಖಂಡೇನವಮಿಗೆ ಒಂದು ಕೈ ಬಳಿದು ಬಳಿದು ದಪ್ಪ ಪದರವಾಗಿತ್ತು. ಅದರ ಮೇಲೆ ಕುಂಕುಮ. ಬೆನ್ನಿನ ಒಂದು ಕಡೆ, ಅರ್ಧ ಇಂಚಿನಷ್ಟು ಜಾಗದಲ್ಲಿ, ಪೇಂಟ್ ಎದ್ದಿತ್ತು. ವಾಚ್ ರಿಪೇರಿಯವರ ಮಸೂರ ಕಣ್ಣಿಗೆ ಹಚ್ಚಿ ನೋಡಿದೆ. ಬೆನ್ನಿನ ಉದ್ದಕ್ಕೆ ನವಿರಾದ ಗೆರೆಗಳು, ಒಂದು ಕಪ್ಪು ಒಂದು ಬೂದು, ಒಂದರ ಪಕ್ಕ ಒಂದು ಹೋಗಿದ್ದವು. ನಡುಮಧ್ಯದಲ್ಲಿ ಸ್ವಲ್ಪ ದಪ್ಪದ, ಗೆರೆ ಇಲ್ಲದ ಪಟ್ಟಿ. ಅದು ಉಕ್ಕು. ಎರಡೂ ಕಡೆಯ ಗೆರೆಗಳು ಪಾಮೋರ್ ಪದರದ ಅಂಚು. ಪೇಂಟ್ ತೆಗೆಯುವ ಮೊದಲೇ ಗೊತ್ತಾಯಿತು, ಇದು ಜಾವಾದ ಒಳ್ಳೆಯ ಕೈಕೆಲಸದ ಪೆದಾಂಗ್.

ಅದಕ್ಕೇ ಹೇಳುವುದು, ಬೆನ್ನು ನೋಡಿ. ನಕಲಿ ಪಾಮೋರ್‌ನಲ್ಲಿ ಮೇಣ ಹಚ್ಚಿ ಆ್ಯಸಿಡ್‌ನಿಂದ ಚಿತ್ರ ಬಿಡಿಸಿರುತ್ತಾರೆ. ಮಗ್ಗುಲಲ್ಲಿ ಚೆಂದ ಕಾಣುತ್ತದೆ, ಬೆನ್ನಿಗೆ ಬಂದರೆ ನಿಂತುಹೋಗುತ್ತದೆ. ನಿಜವಾದದ್ದು ಒಳಗಿನಿಂದ ಬಂದದ್ದು. ಆದ್ದರಿಂದ ಬೆನ್ನಿನ ಮೇಲೆ ಪದರದ ಗೆರೆಯಾಗಿ ಸಿಗಲೇಬೇಕು.

ಇಲ್ಲಿ ಗ್ಲೌಸಿನ ಇನ್ನೊಂದು ಕಾರಣ. ಜಾವಾದಲ್ಲಿ ಪಾಮೋರ್ ಕಪ್ಪು-ಬಿಳಿ ಮೂಡಲು ನಿಂಬೆರಸದಲ್ಲಿ ಆರ್ಸೆನಿಕ್ ಕಲಸಿ ಹಚ್ಚುತ್ತಾರೆ. ಅದೇ ಪಾಷಾಣ. ಹಳೆಯ ಅಲಗಿನ ಮೇಲೆ ಅದರ ಅಂಶ ಉಳಿದಿರಬಹುದು. ಒಣ ಅಲಗನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ಕೆಲಸ ಮಾಡುತ್ತ ಎಲೆ-ಅಡಿಕೆ, ಚಹಾ ಬೇಡ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳ ಕೈಗೆ ಕೊಡಬೇಡಿ. ಒರೆಸಿದ ಬಟ್ಟೆಯನ್ನು ಮನೆಯ ಬೇರೆ ಬಟ್ಟೆಯ ಜೊತೆ ಒಗೆಯದೆ ಕಟ್ಟಿ ಎಸೆಯಿರಿ.

ಕೈ ಹಚ್ಚುವ ಮೊದಲು: ಇವು ಬೇಡ

ಗ್ರೈಂಡರ್ ಬೇಡ, ಬಫ್ ಬೇಡ. ಟೂಲ್‌ರೂಮಿನವನಾಗಿ ಇದರ ಕಾರಣ ಬಿಡಿಸಿ ಹೇಳುತ್ತೇನೆ. ಹದ ಕೊಟ್ಟ ಉಕ್ಕು ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ತೆಳು ಅಂಚು ಬಫ್ ಚಕ್ರಕ್ಕೆ ಒಂದೆರಡು ಕ್ಷಣ ಜಾಸ್ತಿ ತಾಗಿದರೆ ಸಾಕು, ಆ ಶಾಖ ಬಂದೇ ಬರುತ್ತದೆ. ಹದ ಹೋಗುತ್ತದೆ. ಅದಕ್ಕಿಂತ ಮೊದಲೇ ಪಾಮೋರ್ ಪದರ ಹಾರಿಹೋಗಿರುತ್ತದೆ. ಗೆರೆಗಳ ಮೂಲೆ ಮೊಂಡಾಗುತ್ತದೆ, ಅಕ್ಷರ ಅಳಿಸುತ್ತದೆ.

ಹುಣಸೆಹಣ್ಣು, ಲಿಂಬೆ, ವಿನೆಗರ್, ಟಾಯ್ಲೆಟ್ ಆ್ಯಸಿಡ್ ಬೇಡ. ಹುಳಿ ಜಂಗನ್ನು ತಿನ್ನುವಾಗ ಕಬ್ಬಿಣವನ್ನೂ ತಿನ್ನುತ್ತದೆ. ಪದರಗಳ ಸಂದಿಯಲ್ಲಿ ಉಳಿದ ಹುಳಿ ಮಳೆಗಾಲದಲ್ಲಿ ಮತ್ತೆ ಕೆಲಸ ಶುರು ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಗೇಟಿಗೆ ಒಳ್ಳೆಯದು, ಇದಕ್ಕಲ್ಲ. ಎಲ್ಲವನ್ನೂ ಕಪ್ಪು ಮಾಡಿ ಚಿತ್ತಾರ ಮುಚ್ಚಿಬಿಡುತ್ತದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ. ಗಾಳಿಗೆ ಅವು ಅಂಟಾಗುತ್ತವೆ, ಹುಳಿಯಾಗುತ್ತವೆ. ಹರಿತ ಮಾಡಿಸಬೇಡಿ. ಅಂಚಿನ ಕಚ್ಚು ಹಾಗೇ ಇರಲಿ, ಅದು ಆ ಕತ್ತಿ ಪಟ್ಟ ಪೆಟ್ಟು. ಬಾಗಿದ್ದರೆ ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೋಗಬೇಡಿ. ಪದರ ಕೂಡಿಸಿ ಬೆಸೆದ ಅಲಗಿನಲ್ಲಿ ಹಳೆಯ ಬಿರುಕು ಇದ್ದೇ ಇರುತ್ತದೆ, ಅದು ಅಲ್ಲೇ ಬಾಯಿ ಬಿಡುತ್ತದೆ.

ಇನ್ನು ಕೆಲಸ

ಗಾಳಿಯಾಡುವ ಪಡಸಾಲೆಯಲ್ಲಿ ಕೂತುಕೊಳ್ಳಿ. ಹತ್ತಿರ ದೀಪ, ಬೀಡಿ, ಗ್ಯಾಸ್ ಒಲೆ ಇರಬಾರದು. ಮೆತ್ತನೆಯ ಬ್ರಷ್‌ನಿಂದ ಜೇಡ, ಧೂಳು ತೆಗೆಯಿರಿ. ಹಳೆಯ ಜಿಡ್ಡು ಇದ್ದರೆ ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕುಂಕುಮ, ಅರಿಶಿನ ಕೆತ್ತನೆಯಲ್ಲಿ ಕೂತಿದ್ದರೆ ನೀರು ಹಚ್ಚದೆ ಸ್ಪಿರಿಟ್ ಹಚ್ಚಿ, ಹಳೆಯ ಟೂತ್‌ಬ್ರಷ್‌ನಿಂದ ಎತ್ತಿ. ಕುಂಕುಮ ತೇವ ಹಿಡಿದಿಡುತ್ತದೆ. ಅದರ ಅಡಿ ಯಾವಾಗಲೂ ಒಂದು ಸಣ್ಣ ಕುಳಿ ಸಿಗುತ್ತದೆ.

ಪೇಂಟ್ ಬಳಿದಿದ್ದರೆ ಕೆರೆಯಬೇಡಿ. ಕಡೋಲಿಯ ಆ ಕತ್ತಿಗೆ ಹತ್ತಿಯನ್ನು ಥಿನ್ನರ್‌ನಲ್ಲಿ ನೆನೆಸಿ, ಅಂಗೈ ಅಗಲದಷ್ಟು ಜಾಗಕ್ಕೆ ಇಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸುತ್ತ ಹೋದೆ. ಮತ್ತೆ ಪಕ್ಕದ ಜಾಗ. ಪದರ ಪದರವಾಗಿ ಬೇರೆ ಬೇರೆ ವರ್ಷದ ಪೇಂಟ್ ಬಂತು. ಕೊಂಬಿನ ಹಿಡಿಗೆ ಥಿನ್ನರ್ ತಾಗದಂತೆ ಮೊದಲೇ ಪ್ಲಾಸ್ಟಿಕ್ ಬಿಗಿದು ಟೇಪ್ ಸುತ್ತಿದ್ದೆ.

ಈಗ ಜಂಗು. ಎಲ್ಲ ಜಂಗೂ ಒಂದೇ ಅಲ್ಲ. ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಕೆಂಪು ಪುಡಿ ಬಂದರೆ ಅದು ಬೆಳೆಯುತ್ತಿರುವ ಜಂಗು. ಅದನ್ನು ತೆಗೆಯಬೇಕು. ಗಟ್ಟಿಯಾಗಿ, ಕಪ್ಪು-ಕಂದಾಗಿ, ನುಣುಪಾಗಿ ಕೂತದ್ದು ಬೆಳೆಯುವುದಿಲ್ಲ. ಅದು ಅಲಗಿಗೆ ಕವಚ. ಅದನ್ನು ಬಿಡಬೇಕು. ಇಡೀ ಕೆಲಸ ನಿಂತಿರುವುದು ಈ ಎರಡರ ಫರಕಿನ ಮೇಲೆ.

ಅಲಗಿಗೆ ಪೂರಾ ಹೊಲಿಗೆ ಮಶಿನ್ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ಮೂರು ದಿನ ಬಿಡಿ. ಜಂಗು ಎಣ್ಣೆ ಕುಡಿದು ಸಡಿಲಾಗುತ್ತದೆ. ಅಷ್ಟರಲ್ಲಿ ಜಂಗು ಕೆರೆಯಲು ಒಂದು ಸಣ್ಣ ಸಲಕರಣೆ ಮಾಡಿಕೊಳ್ಳಿ. ರವಿವಾರ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಎಂಎಂ ಹಿತ್ತಾಳೆ ಸಳಿ ಸಿಗುತ್ತದೆ. ಗೇಣುದ್ದ ತಂದು, ತುದಿಯನ್ನು ಬಡಿದು ಚಪ್ಪಟೆ ಮಾಡಿ, ಅರದಿಂದ ಉಳಿಯ ಬಾಯಿಯ ಓರೆಗೆ ತಿಕ್ಕಿ. ಹಿತ್ತಾಳೆ ಉಕ್ಕಿಗಿಂತ ಮೆತ್ತಗೆ, ಜಂಗಿಗೆ ಸಾಕಷ್ಟು ಗಟ್ಟಿ. ಅಲಗಿಗೆ ಗೀರು ಬೀಳುವುದಿಲ್ಲ. ಬದಲಿಗೆ ಹಿತ್ತಾಳೆಯೇ ಸವೆದು ಹಳದಿ ಗೆರೆ ಬೀಳುತ್ತದೆ, ಅದು ಒರೆಸಿದರೆ ಹೋಗುತ್ತದೆ.

ಎಣ್ಣೆ ಇದ್ದಂತೆಯೇ ಆ ಸಳಿಯನ್ನು ಓರೆಯಾಗಿ ಹಿಡಿದು, ಕೆಂಪು ಜಂಗು ಇದ್ದಲ್ಲಿ ಮಾತ್ರ ತಳ್ಳಿ. ಒತ್ತಡ ಕಡಿಮೆ ಇರಲಿ. ಚಕ್ಕೆ ಎದ್ದು ಬರುತ್ತದೆ, ಎಣ್ಣೆ ಕೆಂಪಾಗುತ್ತದೆ. ಒರೆಸಿ, ಮಸೂರದಲ್ಲಿ ನೋಡಿ, ಮತ್ತೆ ಎಣ್ಣೆ ಹಾಕಿ. ಆಳದ ಕುಳಿಗೆ ಸೂಜಿ ಬೇಕು. ಪಿನ್‌ವೈಸ್‌ನಲ್ಲಿ (ಸೂಜಿ ಬಿಗಿದು ಹಿಡಿಯುವ ಸಣ್ಣ ಹಿಡಿಕೆ) ಹೊಲಿಗೆ ಸೂಜಿ ಸಿಕ್ಕಿಸಿ, ಕುಳಿಯೊಳಗಿನ ಕೆಂಪನ್ನು ಮಾತ್ರ ಚುಚ್ಚಿ ಎತ್ತಿ. ತಳದಲ್ಲಿ ಕಪ್ಪು ಕಂಡ ಕೂಡಲೇ ನಿಲ್ಲಿಸಿ. ಉಳಿದ ತೆಳು ಕೆಂಪಿಗೆ ನಾಲ್ಕು ಸೊನ್ನೆಯ (0000, ಅತಿ ನವಿರಾದ) ಸ್ಟೀಲ್ ವೂಲ್, ಅದೂ ಎಣ್ಣೆಯಲ್ಲಿ ಅದ್ದಿ, ಅಲಗಿನ ಉದ್ದಕ್ಕೆ ಮಾತ್ರ. ದುಂಡಗೆ ಉಜ್ಜಬೇಡಿ. ಎಮರಿ ಪೇಪರ್ ಎಷ್ಟೇ ನವಿರಾಗಿದ್ದರೂ ಮುಟ್ಟಬೇಡಿ. ಒಂದು ದಿನಕ್ಕೆ ಅರ್ಧ ಗೇಣು ಅಲಗು ಮುಗಿದರೆ ಅದು ಒಳ್ಳೆಯ ವೇಗ.

ಜಂಗು ಹೋದ ಮೇಲೆ ಪಾಮೋರ್ ಮಸುಕಾಗಿಯೇ ಇರುತ್ತದೆ. ಅದನ್ನು ಎದ್ದು ಕಾಣುವಂತೆ ಮಾಡಲು ಫೆರಿಕ್ ಕ್ಲೋರೈಡ್ ಹಚ್ಚುವವರಿದ್ದಾರೆ. ನಾನು ಹಚ್ಚುವುದಿಲ್ಲ. ಆರ್ಸೆನಿಕ್ ಅಂತೂ ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ, ಅದು ಜಾವಾದ ಅನುಭವಸ್ಥರಿಗೇ ಬಿಟ್ಟದ್ದು. ಬೆಳಗಿನ ಓರೆ ಬಿಸಿಲಿಗೆ ಅಲಗನ್ನು ಸ್ವಲ್ಪ ಹೊರಳಿಸಿ. ಮಸುಕಾದ ಚಿತ್ತಾರವೂ ಸ್ಪಷ್ಟವಾಗಿ ಕಾಣುತ್ತದೆ. ಕಡೋಲಿಯ ಮನೆಯವರಿಗೆ ಹಾಗೇ ತೋರಿಸಿದೆ. ಆ ಮನೆಯ ಹಿರಿಯಕ್ಕ ಬಹಳ ಹೊತ್ತು ನೋಡಿ, "ಇಷ್ಟ್ ವರ್ಷ ಇದರ ಮ್ಯಾಲೆ ನಾವ ಬಣ್ಣಾ ಬಳದೇವಲ್ರೀ" ಅಂದರು.

ಕೊನೆಗೆ ಸ್ಪಿರಿಟ್‌ನಿಂದ ಎಣ್ಣೆ ಪೂರಾ ಒರೆಸಿ, ಒಣಗಿಸಿ, ಮೇಣ ಹಚ್ಚಿ. ಮ್ಯೂಸಿಯಂನವರು ಬಳಸುವ ರೆನೆಸಾನ್ಸ್ ವ್ಯಾಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ಒಂದು ಸಣ್ಣ ಡಬ್ಬಿ ಎಷ್ಟೋ ಕತ್ತಿಗೆ ಸಾಕು. ಅದಿಲ್ಲದಿದ್ದರೆ ಹೊಲಿಗೆ ಮಶಿನ್ ಎಣ್ಣೆಯನ್ನೇ ತೆಳುವಾಗಿ ಸವರಿ, ತಿಂಗಳಿಗೊಮ್ಮೆ ನೋಡಿಕೊಳ್ಳಿ.

ಹಿಡಿ, ಒರೆ

ಹಿಡಿ ಬಿಚ್ಚಬೇಡಿ. ಜಾವಾ ಕಡೆ ಟ್ಯಾಂಗ್ ಅನ್ನು ಮರದ ರಾಳದಿಂದ ಕೂಡಿಸಿರುತ್ತಾರೆ. ನಮ್ಮ ಕಡೆ ಅರಗು ತುಂಬುವ ಪದ್ಧತಿಯೇ. ಅಲ್ಲಾಡುತ್ತಿದ್ದರೂ ಅರಾಲ್ಡೈಟ್ ಸುರಿಯಬೇಡಿ, ಮುಂದೆ ಯಾರೂ ಅದನ್ನು ತೆಗೆಯಲಾರರು. ಗೋಡೆಗೆ ನೇತು ಹಾಕದೆ ಮಲಗಿಸಿ ಇಟ್ಟರೆ ಅಲ್ಲಾಡುವ ಹಿಡಿಯಿಂದ ಏನೂ ಕೆಡುವುದಿಲ್ಲ.

ಕೊಂಬು ಎಮ್ಮೆಯದೋ ಜಿಂಕೆಯದೋ ನೋಡಿಕೊಳ್ಳಿ. ಜಿಂಕೆಯ ಕೊಂಬಿನ ಒಳಭಾಗ ತೂತುತೂತಾಗಿರುತ್ತದೆ. ಎಮ್ಮೆಯ ಕೊಂಬು ನಾರುನಾರಾಗಿ, ಗಟ್ಟಿಯಾಗಿರುತ್ತದೆ. ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳ ತಿನ್ನುತ್ತಿದೆ. ಆ ಕತ್ತಿಯನ್ನು ಬೇರೆ ಇಡಿ. ಕೊಂಬಿಗೆ ನೀರು ಬೇಡ, ಒಣ ಬ್ರಷ್ ಮತ್ತು ಅದೇ ಮೇಣ ಸಾಕು.

ಒರೆ ಎರಡು ಹೋಳು ಕೂಡಿಸಿದ್ದು, ಅಂಟು ಬಿಟ್ಟಿರುತ್ತದೆ. ಬಡಿಗರ ಹತ್ತಿರ ಸರೇಸು ಸಿಕ್ಕರೆ ಅದನ್ನೇ ಬಳಸಿ. ಬೇಕೆಂದಾಗ ಬಿಸಿನೀರಿನ ಹಬೆಗೆ ಬಿಡುತ್ತದೆ. ಮೊಳೆ ಹೊಡೆಯಬೇಡಿ. ಬೆತ್ತದ ಸುತ್ತು ಒಡೆದಿದ್ದರೆ ಹೊಸದು ಸುತ್ತುವ ಬದಲು ಹತ್ತಿಯ ದಾರದಿಂದ ಕಟ್ಟಿಡಿ.

ಕಾನೂನು ಮೂರು ಮಾತಿನಲ್ಲಿ. ಒಂಬತ್ತು ಇಂಚಿಗಿಂತ ಉದ್ದದ ಅಲಗು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿದೆ. ಲೈಸೆನ್ಸ್ ಬೇಕೋ ಬೇಡವೋ ಅನ್ನುವುದು ಜಾಗದ ಮೇಲೆ ಹೋಗುತ್ತದೆ, ನಿಮ್ಮ ಠಾಣೆಯಲ್ಲಿ ಫೋಟೋ ತೋರಿಸಿ ಕೇಳಿ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಆನೆದಂತ, ಜಿಂಕೆಯ ಕೊಂಬು ಇದ್ದರೆ ವನ್ಯಜೀವಿ ಕಾಯ್ದೆ ಬರುತ್ತದೆ, ಮಾರುವ ಮಾತೇ ಬೇಡ.

ಇಡುವುದು, ಪೂಜಿಸುವುದು

ಬೆಳಗಾವಿಯ ಜುಲೈ ತಿಂಗಳು ಕತ್ತಿಗೆ ಕೆಟ್ಟ ಕಾಲ. ವಿಜಯಪುರದಲ್ಲಿ ಇದೇ ಕತ್ತಿ ಅರ್ಧ ಆರೈಕೆಯಲ್ಲಿ ಉಳಿದೀತು. ಇಲ್ಲಿ ತೇವ 60 ಪರ್ಸೆಂಟ್ ದಾಟಿತೆಂದರೆ ಕಬ್ಬಿಣ ಬೇಗ ಜಂಗು ಹಿಡಿಯುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಇಡೀ ದಿನ ಅದಕ್ಕಿಂತ ಮೇಲೇ ಇರುತ್ತದೆ. ಕತ್ತಿಯನ್ನು ಒರೆಯಲ್ಲಿ ಇಡಬೇಡಿ. ಕಟ್ಟಿಗೆ ತೇವ ಹೀರಿ ಅಲಗಿಗೆ ಕೊಡುತ್ತದೆ. ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆಯಲ್ಲಿ ಅಲಗು ಸುತ್ತಿ, ಪಕ್ಕದಲ್ಲಿ ಒರೆ ಇಟ್ಟು, ಟ್ರಂಕಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜೂನ್, ಆಗಸ್ಟ್, ಅಕ್ಟೋಬರ್‌ನಲ್ಲಿ ಒಮ್ಮೊಮ್ಮೆ ತೆಗೆದು ನೋಡಿ.

ಪೂಜೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಜಾವಾದವರೂ ಮಾಡುತ್ತಾರೆ. ಸುರೋ ತಿಂಗಳಲ್ಲಿ, ಅಂದರೆ ನಮ್ಮ ಮೊಹರಮ್‌ನ ಹೊತ್ತಿಗೆ, ಯೋಗ್ಯಕರ್ತಾ ಮತ್ತು ಸುರಕರ್ತಾದ ಅರಮನೆಗಳಲ್ಲಿ ವಂಶದ ಆಯುಧಗಳನ್ನು ಶಾಸ್ತ್ರೋಕ್ತವಾಗಿ ತೊಳೆಯುತ್ತಾರೆ. ನಮ್ಮ ಅಂಟವಾಳಕಾಯಿಯ ಜಾತಿಯದೇ ಒಂದು ಕಾಯಿ, ಲೆರಾಕ್, ಜಾವಾದಲ್ಲಿ ಅಲಗು ತೊಳೆಯಲು ಬಳಕೆಯಲ್ಲಿದೆ. ಒಣಗಿಸಿ, ಗಂಧದ ಪರಿಮಳದ ಎಣ್ಣೆ ಸವರಿ ಎತ್ತಿಡುತ್ತಾರೆ. ಪೂಜೆಯಾದ ಮೇಲೆ ಒಣಗಿಸಿ, ಎಣ್ಣೆ ಹಚ್ಚಿಯೇ ಒಳಗೆ ಇಡುವ ಆ ಶಿಸ್ತು ನಮಗೂ ಬೇಕು. ಖಂಡೇನವಮಿಗೆ ಕತ್ತಿಯನ್ನು ಮಣೆಯ ಮೇಲೆ ಬಟ್ಟೆ ಹಾಸಿ ಇಡಿ. ಕುಂಕುಮ, ಹೂವು ಮಣೆಗೆ ಮತ್ತು ಒರೆಗೆ ಏರಿಸಿ, ಅಲಗಿಗೆ ಬೇಡ. ಕಾಯಿ ಒಡೆದ ನೀರು ಹತ್ತಿರ ಬರದಿರಲಿ. ಅದೇ ಸಂಜೆ ಒರೆಸಿ, ಮೇಣ ಹಚ್ಚಿ, ಟ್ರಂಕಿಗೆ ಸೇರಿಸಿ.

ಟ್ರಂಕಿನಲ್ಲಿ ಒಂದು ಚೀಟಿಯೂ ಇರಲಿ. ಯಾರು ತಂದರು, ಯಾವ ಬೆಟಾಲಿಯನ್ನಿನಲ್ಲಿದ್ದರು, ಯಾವ ಊರಿನಿಂದ ಬಂತೆಂದು ಮನೆಯಲ್ಲಿ ಹೇಳುತ್ತಾರೆ, ನೀವು ಯಾವ ವರ್ಷ ಏನು ಹಚ್ಚಿದಿರಿ, ಇಷ್ಟು ಬರೆಯಿರಿ. ಹೇಳಿಕೆಯ ಮಾತಾದರೆ ಹೇಳಿಕೆ ಎಂದೇ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನಮ್ಮ ಮಳೆಗಾಲದಲ್ಲಿ ಹರಡುತ್ತದೆ.